ಕರಡು ನಿಯಮಗಳಿಗೆ ಆಕ್ಷೇಪಣೆ ಸಲ್ಲಿಸುವಾಗ ಎಐ ಬಳಸುವ ಕ್ರಮ: ನಾಗರಿಕ ಸಂಘಟನೆಗಳಿಗೆ ಸಮಗ್ರ ಮಾರ್ಗದರ್ಶಿ

ಸರ್ಕಾರ ನಿಯಮವೊಂದರ ಕರಡನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿ ಸಾರ್ವಜನಿಕರಿಂದ ಆಕ್ಷೇಪಣೆ ಮತ್ತು ಸಲಹೆಗಳನ್ನು ಕರೆದಾಗ ಈಗ ಅನೇಕ ಸಂಘಟನೆಗಳು ಮೊದಲು ಮಾಡುವ ಕೆಲಸವೆಂದರೆ ಆ ಪಿಡಿಎಫ್ ಅನ್ನು ಚಾಟ್‌ಬಾಟ್‌ಗೆ ಕೊಟ್ಟು "ಇದಕ್ಕೊಂದು ಆಕ್ಷೇಪಣೆ ಬರೆದುಕೊಡು" ಎಂದು ಕೇಳುವುದು. ಅರ್ಧ ನಿಮಿಷದಲ್ಲಿ ಮೂರು ಪುಟದ ಪತ್ರ ಬರುತ್ತದೆ. ಪಾರದರ್ಶಕತೆ, ಉತ್ತರದಾಯಿತ್ವ, ಸಮಾನ ಅವಕಾಶ ಮುಂತಾದ ಮಾತುಗಳೆಲ್ಲ ಅದರಲ್ಲಿರುತ್ತವೆ. ಎಷ್ಟನೇ ನಿಯಮದ ಯಾವ ಉಪನಿಯಮದಲ್ಲಿ ಯಾವ ಪದ ಬದಲಾಗಬೇಕು, ಬದಲಾಗದಿದ್ದರೆ ಯಾರಿಗೆ ಏನು ನಷ್ಟ ಎಂಬುದು ಮಾತ್ರ ಇರುವುದಿಲ್ಲ. ಅಂಥ ಪತ್ರಕ್ಕೆ ಇಲಾಖೆ "ಪರಿಶೀಲಿಸಲಾಗಿದೆ" ಎಂಬ ಒಂದು ಸಾಲಿನ ಹಿಂಬರಹ ಕೊಟ್ಟರೆ ಮುಂದೆ ಹಿಡಿಯಲು ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಓದುವವರ ಕಡೆಯೂ ಬದಲಾಗುತ್ತಿದೆ. ಬ್ರಿಟನ್ ಸರ್ಕಾರ ಸಾರ್ವಜನಿಕ ಅಭಿಪ್ರಾಯಗಳನ್ನು ವಿಂಗಡಿಸಲು "ಕನ್ಸಲ್ಟ್" ಎಂಬ ಎಐ ಸಾಧನವನ್ನು ರೂಪಿಸಿ, 2025ರಲ್ಲಿ ಸ್ಕಾಟ್ಲೆಂಡ್ ಸರ್ಕಾರದ ಸಮಾಲೋಚನೆಯೊಂದಕ್ಕೆ ಬಂದ 2000ಕ್ಕೂ ಹೆಚ್ಚು ಉತ್ತರಗಳ ಮೇಲೆ ಪ್ರಯೋಗಿಸಿತು. ಇಂಥ ಸಾಧನಗಳು ಒಂದೇ ಅಭಿಪ್ರಾಯದ ಪತ್ರಗಳನ್ನು ಒಂದು ಗುಂಪಿಗೆ ಸೇರಿಸಿ ಅದಕ್ಕೊಂದು ಶೀರ್ಷಿಕೆ ಕೊಡುತ್ತವೆ. ಯಂತ್ರ ಬರೆದ 500 ಪತ್ರಗಳನ್ನು ಇನ್ನೊಂದು ಯಂತ್ರ ಓದಿದಾಗ ಅವೆಲ್ಲ ಸೇರಿ ಒಂದು ಸಾಲಾಗುತ್ತವೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಎಐಗೆ ಓದುವ, ಹೋಲಿಸುವ, ವಿಂಗಡಿಸುವ ಮತ್ತು ತಪ್ಪು ಹುಡುಕುವ ಕೆಲಸ ಕೊಟ್ಟಿದ್ದೇನೆ. ಹೇಳಬೇಕಾದ ಮಾತನ್ನು ಮಾತ್ರ ಬಾಧಿತರಿಂದಲೇ ಪಡೆಯಬೇಕು. ಹಂತಗಳ ಕ್ರಮ ತಪ್ಪಿಸಬೇಡಿ, ಏಕೆಂದರೆ ನಾನು ನೋಡಿದ ಹೆಚ್ಚಿನ ವೈಫಲ್ಯಗಳು ಐದನೆಯ ಹಂತವನ್ನು, ಅಂದರೆ ಪತ್ರ ಬರೆಯುವ ಕೆಲಸವನ್ನು, ಮೊದಲಿಗೆ ತಂದುಕೊಂಡದ್ದರಿಂದ ಆದವು.

ಕೆಲಸಕ್ಕೆ ಮೊದಲು ಕೈಯಲ್ಲಿರಬೇಕಾದವು

ಕರಡು ಅಧಿಸೂಚನೆಯ ರಾಜ್ಯಪತ್ರದ ಪ್ರತಿ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಸಾರಾಂಶ ಸಾಲದು. ಆ ನಿಯಮ ಯಾವ ಕಾಯ್ದೆಯ ಅಡಿಯಲ್ಲಿ ಬರುತ್ತಿದೆಯೋ ಆ ಮೂಲ ಕಾಯ್ದೆ ಇತ್ತೀಚಿನ ತಿದ್ದುಪಡಿಗಳ ಸಮೇತ ಬೇಕು. ಈಗ ಜಾರಿಯಲ್ಲಿರುವ ಹಳೆಯ ನಿಯಮಗಳಿದ್ದರೆ ಅವೂ ಬೇಕು. ಕೇಂದ್ರದ ಕಾಯ್ದೆಗಳು ಇಂಡಿಯಾ ಕೋಡ್ ಜಾಲತಾಣದಲ್ಲಿ ಸಿಗುತ್ತವೆ. ರಾಜ್ಯದ ಕಾಯ್ದೆಗಳಿಗೆ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣವನ್ನು ನೋಡಿ. ಇವುಗಳ ಜೊತೆಗೆ ಒಂದು ಎಕ್ಸೆಲ್ ಹಾಳೆ, ದನಿ ಮುದ್ರಿಸಿಕೊಳ್ಳಲು ಮೊಬೈಲ್, ಬೇರೆ ಬೇರೆ ಕಂಪನಿಗಳ ಎರಡು ಎಐ ಸೇವೆಗಳು ಇದ್ದರೆ ಸಾಕು. ಎರಡು ಸೇವೆಗಳು ಏಕೆಂದರೆ, ಒಂದು ಕೊಟ್ಟ ಉತ್ತರವನ್ನು ಇನ್ನೊಂದರಿಂದ ಪ್ರಶ್ನಿಸುವುದು ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ವಾಕ್ಯಕ್ಕೂ ಹೊಣೆ ಹೊರುವ ಒಬ್ಬ ವ್ಯಕ್ತಿಯನ್ನು ಸಂಘದಲ್ಲಿ ಮೊದಲೇ ಗೊತ್ತುಮಾಡಿ. ವಕೀಲರೇ ಆಗಬೇಕೆಂದಿಲ್ಲ. ಕರಡನ್ನು ಮೊದಲ ಪುಟದಿಂದ ಕೊನೆಯ ಅನುಸೂಚಿಯವರೆಗೆ ಕಣ್ಣಾರೆ ಓದಿದ ಯಾರಾದರೂ ಆಗಬಹುದು.

ಹಂತ 1: ಗಡುವನ್ನೂ ದಾಖಲೆಯ ಬಗೆಯನ್ನೂ ಗುರುತಿಸಿ

ಎಲ್ಲ ಕರಡುಗಳೂ ಒಂದೇ ಬಗೆಯವಲ್ಲ. "ಪೂರ್ವ ಪ್ರಕಟಣೆಯ ನಂತರ ನಿಯಮ ರಚಿಸತಕ್ಕದ್ದು" ಎಂದು ಕೇಂದ್ರದ ಕಾಯ್ದೆಯೊಂದು ಹೇಳಿದ್ದರೆ, 1897ರ ಸಾಮಾನ್ಯ ಖಂಡಗಳ ಅಧಿನಿಯಮದ 23ನೇ ಪ್ರಕರಣ (ಸೆಕ್ಷನ್) ಅನ್ವಯಿಸುತ್ತದೆ. ಅದರ ಪ್ರಕಾರ ಕರಡನ್ನು ಪ್ರಕಟಿಸಬೇಕು, ಯಾವ ದಿನಾಂಕದ ನಂತರ ಅದನ್ನು ಪರಿಗಣಿಸಲಾಗುವುದು ಎಂಬುದನ್ನು ತಿಳಿಸಬೇಕು, ಆ ದಿನಾಂಕಕ್ಕೆ ಮೊದಲು ಬಂದ ಆಕ್ಷೇಪಣೆ ಮತ್ತು ಸಲಹೆಗಳನ್ನು ಪರಿಗಣಿಸಬೇಕು. ಇಲ್ಲಿ ಪರಿಗಣನೆ ಕಾನೂನಿನ ಕರ್ತವ್ಯ. ಕೇಂದ್ರದ ಮಸೂದೆಗಳ ವಿಚಾರದಲ್ಲಿ 2014ರ ಶಾಸನಪೂರ್ವ ಸಮಾಲೋಚನಾ ನೀತಿ ಕನಿಷ್ಠ 30 ದಿನಗಳ ಕಾಲಾವಕಾಶ ಇರಬೇಕೆನ್ನುತ್ತದೆ, ಆದರೆ ಅದು ನೀತಿಯೇ ಹೊರತು ಕಾಯ್ದೆಯಲ್ಲ. ಗಣಿ, ಕಾರ್ಖಾನೆ, ಅಣೆಕಟ್ಟಿನಂಥ ಯೋಜನೆಗಳ ಸಾರ್ವಜನಿಕ ಆಲಿಕೆಯಾದರೆ 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಕ್ರಮ ಪೂರ್ತಿ ಬೇರೆ. ನಿಮ್ಮ ಮುಂದಿರುವುದು ಇವುಗಳಲ್ಲಿ ಯಾವುದು ಎಂದು ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ.

ಗಡುವನ್ನು ಎಐ ಬಳಿ ಕೇಳಬೇಡಿ. ದಿನಗಳ ಲೆಕ್ಕ ಅಧಿಸೂಚನೆಗೆ ಸಹಿಯಾದ ದಿನದಿಂದಲೋ, ರಾಜ್ಯಪತ್ರದಲ್ಲಿ ಪ್ರಕಟವಾದ ದಿನದಿಂದಲೋ, ಪ್ರತಿಗಳು ಸಾರ್ವಜನಿಕರಿಗೆ ದೊರೆತ ದಿನದಿಂದಲೋ ಎಂಬುದು ಅಧಿಸೂಚನೆಯ ಮೊದಲ ಪ್ಯಾರಾದಲ್ಲೇ ಇರುತ್ತದೆ. ಈ ವ್ಯತ್ಯಾಸ ಸಣ್ಣದಲ್ಲ. ಪರಿಸರ ಪರಿಣಾಮ ಅಂದಾಜಿನ 2020ರ ಕರಡು ಮಾರ್ಚ್ 23ರ ದಿನಾಂಕ ಹೊತ್ತು ಏಪ್ರಿಲ್ 11ರಂದು ರಾಜ್ಯಪತ್ರದಲ್ಲಿ ಪ್ರಕಟವಾಯಿತು. ಆಕ್ಷೇಪಣೆಗೆ ಇದ್ದ ಅವಧಿ 60 ದಿನ. ತಪ್ಪು ದಿನಾಂಕದಿಂದ ಎಣಿಸಿದವರಿಗೆ 19 ದಿನಗಳ ವ್ಯತ್ಯಾಸ ಆಗುತ್ತಿತ್ತು.

ಅದೇ ಕರಡು ಇನ್ನೊಂದು ಪಾಠವನ್ನೂ ಕೊಟ್ಟಿದೆ. ಆ ವರ್ಷದ ಜೂನ್ 30ರಂದು ದೆಹಲಿ ಹೈಕೋರ್ಟ್ ಕರಡನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಿಗೆ ಅನುವಾದಿಸಬೇಕೆಂದು ಆದೇಶಿಸಿತು, ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆ ಹೊರಡಿಸದಂತೆ ಮಧ್ಯಂತರ ತಡೆ ಕೊಟ್ಟಿತು. ಇಂದು ಇಂಗ್ಲಿಷ್ ಕರಡನ್ನು ಎಐ ಕ್ಷಣದಲ್ಲಿ ಕನ್ನಡಕ್ಕೆ ತಿರುಗಿಸಿಕೊಡುವುದರಿಂದ ಅನೇಕರು ಇಲಾಖೆಯಿಂದ ಕನ್ನಡ ಪಠ್ಯ ಕೇಳುವುದನ್ನೇ ಬಿಟ್ಟಿದ್ದಾರೆ. ಇದು ತಪ್ಪು. ಯಂತ್ರದ ಅನುವಾದ ನಿಮ್ಮ ತಿಳಿವಳಿಕೆಗೆ ಮಾತ್ರ. ಜನರಿಗೆ ಅವರ ಭಾಷೆಯಲ್ಲಿ ಕರಡನ್ನು ಒದಗಿಸುವ ಹೊಣೆ ಸರ್ಕಾರದ್ದೇ ಆಗಿ ಉಳಿಯುತ್ತದೆ. ಕನ್ನಡ ಪಠ್ಯವಿಲ್ಲದಿದ್ದರೆ ಮೊದಲ ವಾರದಲ್ಲೇ ಅದನ್ನು ಕೋರಿ, ಅವಧಿ ವಿಸ್ತರಣೆಯನ್ನೂ ಕೇಳಿ ಒಂದು ಪ್ರತ್ಯೇಕ ಪತ್ರ ಕೊಡಿ.

ಹಂತ 2: ಪಠ್ಯವನ್ನು ಯಂತ್ರ ಸರಿಯಾಗಿ ಓದುವಂತೆ ಮಾಡಿ

ಬಹುಪಾಲು ಜನ ಎಡವುವುದು ಇಲ್ಲೇ, ಎಡವಿದ್ದು ಗೊತ್ತಾಗುವುದೂ ಇಲ್ಲ. ರಾಜ್ಯ ಸರ್ಕಾರದ ಅನೇಕ ಕನ್ನಡ ದಾಖಲೆಗಳು ಯೂನಿಕೋಡ್‌ನಲ್ಲಿರದೆ ನುಡಿ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರಶೈಲಿಯಲ್ಲಿರುತ್ತವೆ. ಪರದೆಯ ಮೇಲೆ ಕನ್ನಡವೇ ಕಾಣುತ್ತದೆ, ಆದರೆ ಅಕ್ಷರಗಳ ಹಿಂದೆ ಇರುವುದು ರೋಮನ್ ಲಿಪಿಯ ಸಂಕೇತಗಳು. ಅಂಥ ಕಡತವನ್ನು ಹಾಗೆಯೇ ಕೊಟ್ಟಾಗ ಕೆಲವು ಎಐ ಸೇವೆಗಳು "ಓದಲಾಗುತ್ತಿಲ್ಲ" ಎಂದು ಹೇಳುವ ಬದಲು ಕಡತದ ಹೆಸರು ಮತ್ತು ಅಲ್ಲಲ್ಲಿ ಸಿಕ್ಕ ಅಂಕಿಗಳನ್ನು ಹಿಡಿದು ನಂಬುವಂತಿರುವ ಸಾರಾಂಶವೊಂದನ್ನು ಕಟ್ಟಿಕೊಡುತ್ತವೆ.

ಪರೀಕ್ಷೆ ಸರಳ. ಪಿಡಿಎಫ್‌ನಿಂದ ಒಂದು ಪ್ಯಾರಾ ನಕಲು ಮಾಡಿ ಮೊಬೈಲ್‌ನ ಸಂದೇಶ ಪೆಟ್ಟಿಗೆಯಲ್ಲಿ ಅಂಟಿಸಿ. ಕನ್ನಡ ಬಂದರೆ ಮುಂದುವರಿಯಿರಿ. ಅರ್ಥವಿಲ್ಲದ ರೋಮನ್ ಅಕ್ಷರಗಳು ಬಂದರೆ ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ಬಳಸಿ. ಏನೂ ಬಾರದಿದ್ದರೆ ಅದು ಸ್ಕ್ಯಾನ್ ಮಾಡಿದ ಚಿತ್ರ. ಗೂಗಲ್ ಡಾಕ್ಸ್ ಅಥವಾ ಟೆಸರಾಕ್ಟ್‌ನಂಥ ಅಕ್ಷರ ಗುರುತಿಸುವ ಸಾಧನದಿಂದ ಪಠ್ಯವನ್ನು ಹೊರತೆಗೆಯಬೇಕು.

ಹೊರತೆಗೆದ ಪಠ್ಯವನ್ನು ಮೂಲದೊಂದಿಗೆ ಇಟ್ಟು ಓದಿ. ಒತ್ತಕ್ಷರಗಳು, ಅರ್ಕಾವತ್ತು, ಅಂಕಿಗಳು ಮತ್ತು ಕೋಷ್ಟಕಗಳನ್ನು ವಿಶೇಷವಾಗಿ ನೋಡಿ. ಶುಲ್ಕದ ಕೋಷ್ಟಕದಲ್ಲಿ ಒಂದು ಸೊನ್ನೆ ಬಿದ್ದುಹೋದರೂ ನಿಮ್ಮ ವಾದವೇ ಬಿದ್ದುಹೋಗುತ್ತದೆ. ಕರಡು ದೀರ್ಘವಾಗಿದ್ದರೆ ಒಂದೇ ಸಲ ಕೊಡಬೇಡಿ. ಅಧ್ಯಾಯವಾರು ಕೊಟ್ಟು, ಪ್ರತಿ ಸಲವೂ "ಈ ಭಾಗದ ಮೊದಲ ಸಾಲು ಮತ್ತು ಕೊನೆಯ ಸಾಲನ್ನು ಇದ್ದಂತೆಯೇ ಬರೆ" ಎಂದು ಕೇಳಿ. ಅವು ಮೂಲಕ್ಕೆ ಹೊಂದದಿದ್ದರೆ ಯಂತ್ರ ಪೂರ್ತಿ ಓದಿಲ್ಲ.

ಹಂತ 3: ಕರಡನ್ನು ಮೂಲ ಕಾಯ್ದೆಯ ಪಕ್ಕದಲ್ಲಿಟ್ಟು ಹೋಲಿಸಿ

ಎಐ ನಿಜವಾಗಿ ಸಮಯ ಉಳಿಸುವ ಹಂತ ಇದು. ಮೊದಲು ಎರಡು ದಿನ ಹಿಡಿಯುತ್ತಿದ್ದ ಕೋಷ್ಟಕ ಈಗ ಒಂದು ಸಂಜೆಯಲ್ಲಿ ಸಿದ್ಧವಾಗುತ್ತದೆ, ಸೂಚನೆ ಬಿಗಿಯಾಗಿದ್ದರೆ. ನಾನು ಬಳಸುವ ಸೂಚನೆ ಹೀಗಿದೆ:

"ಕೆಳಗೆ ಎರಡು ಪಠ್ಯಗಳಿವೆ. ಒಂದು ಈಗ ಜಾರಿಯಲ್ಲಿರುವ ನಿಯಮ, ಇನ್ನೊಂದು ಕರಡು. ನಾಲ್ಕು ಕಾಲಂಗಳ ಕೋಷ್ಟಕ ಮಾಡು: ನಿಯಮದ ಸಂಖ್ಯೆ, ಹಳೆಯ ಪದಗಳು ಇದ್ದಂತೆಯೇ, ಹೊಸ ಪದಗಳು ಇದ್ದಂತೆಯೇ, ಯಾರ ಅಧಿಕಾರ ಅಥವಾ ಕರ್ತವ್ಯ ಬದಲಾಗಿದೆ. ಈ ಪಠ್ಯಗಳಲ್ಲಿ ಇಲ್ಲದ ಯಾವುದನ್ನೂ ಸೇರಿಸಬೇಡ. ಸ್ಪಷ್ಟವಿಲ್ಲದ ಕಡೆ 'ಸ್ಪಷ್ಟವಿಲ್ಲ' ಎಂದು ಬರೆ. ಅಭಿಪ್ರಾಯ ಬೇಡ."

ಬಂದ ಕೋಷ್ಟಕದಲ್ಲಿ ಮೊದಲು ನೋಡಬೇಕಾದದ್ದು ಕ್ರಿಯಾಪದದ ಕೊನೆ. ಕನ್ನಡದ ಕಾನೂನಿನಲ್ಲಿ "ನೀಡತಕ್ಕದ್ದು" ಎಂದರೆ ಕಡ್ಡಾಯ, "ನೀಡಬಹುದು" ಎಂದರೆ ಅಧಿಕಾರಿಯ ವಿವೇಚನೆ. ಇಂಗ್ಲಿಷ್ ಕರಡನ್ನು ಯಂತ್ರ ಅನುವಾದಿಸುವಾಗ "ಶಲ್" ಎಂಬುದನ್ನು ಎಷ್ಟೋ ಸಲ "ನೀಡುತ್ತದೆ", "ನೀಡಲಿದೆ" ಎಂದು ಮಾಡಿಬಿಡುತ್ತದೆ. ಕರ್ತವ್ಯವಾಗಿದ್ದದ್ದು ಮುಂದೆಂದೋ ನಡೆಯುವ ಘಟನೆಯಂತೆ ಕಾಣುತ್ತದೆ, ಓದಿದವರಿಗೆ ಅಲ್ಲಿ ತಮಗೊಂದು ಹಕ್ಕು ಇದೆ ಎಂಬುದೇ ತಿಳಿಯುವುದಿಲ್ಲ. "ಒಳಪಟ್ಟು", "ಏನೇ ಒಳಗೊಂಡಿದ್ದರೂ", "ಪರಂತು" ಎಂಬ ಪದಗಳಿರುವ ವಾಕ್ಯಗಳನ್ನು ಯಂತ್ರದ ಸಾರಾಂಶದಲ್ಲಿ ಓದದೆ ಮೂಲದಲ್ಲೇ ಓದಿ. ಮುಖ್ಯ ವಾಕ್ಯ ಕೊಟ್ಟದ್ದನ್ನು ಪರಂತುಕ ("ಪರಂತು" ಎಂದು ಶುರುವಾಗುವ ಷರತ್ತು) ಹಿಂತೆಗೆದುಕೊಂಡಿರುವ ಕಡೆಗಳಲ್ಲೇ ಜನರಿಗೆ ಹೆಚ್ಚು ಪೆಟ್ಟು ಬೀಳುತ್ತದೆ, ಸಾರಾಂಶಗಳು ಬಿಟ್ಟುಬಿಡುವುದೂ ಅದನ್ನೇ.

ಆಮೇಲೆ ಮೂಲ ಕಾಯ್ದೆಯಲ್ಲಿ ನಿಯಮ ರಚಿಸುವ ಅಧಿಕಾರ ಕೊಡುವ ಪ್ರಕರಣವನ್ನು ಕರಡಿನೊಂದಿಗೆ ಇಟ್ಟು, "ಈ ಪ್ರಕರಣದ ಯಾವ ಖಂಡದಿಂದ ಕರಡಿನ ಯಾವ ನಿಯಮಕ್ಕೆ ಅಧಿಕಾರ ಬರುತ್ತದೆ?" ಎಂದು ಕೇಳಿ. ಆಧಾರ ಕಾಣದ ನಿಯಮಗಳನ್ನು ಪ್ರತ್ಯೇಕವಾಗಿ ಗುರುತು ಮಾಡಿಟ್ಟು ವಕೀಲರಿಗೆ ತೋರಿಸಿ. ಕಾಯ್ದೆ ಕೊಡದ ಅಧಿಕಾರವನ್ನು ನಿಯಮ ತೆಗೆದುಕೊಳ್ಳುವಂತಿಲ್ಲ ಎಂಬ ವಾದ ಆಕ್ಷೇಪಣೆಯಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ನಿಲ್ಲುವ ವಾದಗಳಲ್ಲೊಂದು.

ಹಂತ 4: ಬಾಧಿತರ ಮಾತನ್ನು ಸಂಗ್ರಹಿಸಿ

ಈ ಹಂತಕ್ಕೆ ನಿಮ್ಮ ಸಮಯದ ಅರ್ಧ ಭಾಗವನ್ನಾದರೂ ಇಡಿ. ಕರಡಿನ ಪದಗಳನ್ನು ಯಾರು ಬೇಕಾದರೂ ಯಂತ್ರದಿಂದ ಓದಿಸಬಹುದು, ಇಲಾಖೆಯೂ ಓದಿಸಬಹುದು. ಆದರೆ ಆ ನಿಯಮ ಜಾರಿಯಾದರೆ ಸಂತೆಯಲ್ಲಿ ಸೊಪ್ಪು ಮಾರುವವರ ದಿನ ಹೇಗೆ ಬದಲಾಗುತ್ತದೆ, ಹಾಲಿನ ಡೇರಿಯ ಕಾರ್ಯದರ್ಶಿ ಯಾವ ನಮೂನೆಯನ್ನು ತುಂಬಲಾಗದೆ ಕೂರುತ್ತಾರೆ ಎಂಬುದು ಯಾವ ಯಂತ್ರದ ತರಬೇತಿಯಲ್ಲೂ ಇಲ್ಲ. ನಿಮ್ಮ ಆಕ್ಷೇಪಣೆಗೆ ತೂಕ ಬರುವುದು ಅಲ್ಲಿಂದ.

ಮೂರನೆಯ ಹಂತದ ಕೋಷ್ಟಕದಿಂದ ನಾಲ್ಕೈದು ಬದಲಾವಣೆಗಳನ್ನು ಆರಿಸಿ, ಪ್ರತಿಯೊಂದನ್ನೂ ಒಂದು ಪ್ರಶ್ನೆಯಾಗಿ ಬರೆಯಿರಿ. "ಈ ನಿಯಮದ ಬಗ್ಗೆ ನಿಮ್ಮ ಅಭಿಪ್ರಾಯವೇನು?" ಎಂದು ಕೇಳಿದರೆ "ಒಳ್ಳೆಯದಾಗಲಿ" ಎಂಬ ಉತ್ತರ ಬರುತ್ತದೆ. "ನವೀಕರಣದ ಅರ್ಜಿಯನ್ನು ಆನ್‌ಲೈನ್‌ನಲ್ಲೇ ಹಾಕಬೇಕೆಂದು ಬಂದರೆ ಯಾರ ಹತ್ತಿರ ಹೋಗುತ್ತೀರಿ? ಎಷ್ಟು ದುಡ್ಡು ಕೊಡಬೇಕಾಗುತ್ತದೆ? ಒಂದು ದಿನದ ದುಡಿಮೆ ತಪ್ಪುತ್ತದೆಯೇ?" ಎಂದು ಕೇಳಿದರೆ ಅಂಕಿ, ದೂರ, ಹೆಸರು, ದಿನ ಎಲ್ಲವೂ ಬರುತ್ತವೆ.

ಮಾತನ್ನು ಮುದ್ರಿಸಿಕೊಂಡು ಬರಹಕ್ಕಿಳಿಸಲು ಎಐ ಬಳಸಬಹುದು. ಕೇಂದ್ರ ಸರ್ಕಾರದ ಭಾಷಿಣಿ ಸೇರಿದಂತೆ ಹಲವು ಸೇವೆಗಳು ಕನ್ನಡದ ಮಾತನ್ನು ಅಕ್ಷರಕ್ಕಿಳಿಸುತ್ತವೆ. ಆದರೆ ಪತ್ರಿಕಾ ಕನ್ನಡಕ್ಕೆ ಹತ್ತಿರವಾದ ಮಾತು ಚೆನ್ನಾಗಿ ಬರುತ್ತದೆ, ಕಲಬುರಗಿಯ, ಕುಂದಾಪುರದ, ಚಾಮರಾಜನಗರದ ಮಾತು ಹಾಗೆ ಬರುವುದಿಲ್ಲ. "ಇಲ್ಲ" ಎಂಬ ಭಾವದ ಕ್ರಿಯಾಪದಗಳು ಆಡುಮಾತಿನಲ್ಲಿ ಮೊಟಕಾಗಿ ಬಂದಾಗ ಯಂತ್ರ ಅವನ್ನು ಎಷ್ಟೋ ಸಲ "ಹೌದು" ಎಂಬ ಅರ್ಥಕ್ಕೆ ತಿರುಗಿಸಿಬಿಡುತ್ತದೆ. ಹೀಗಾಗಿ ಆಕ್ಷೇಪಣೆಯಲ್ಲಿ ಬಳಸುವ ಪ್ರತಿ ಹೇಳಿಕೆಯನ್ನೂ ಆ ಊರಿನವರೇ ಒಬ್ಬರು ದನಿ ಕೇಳಿ ತಿದ್ದಬೇಕು. ಯಂತ್ರ ಶಿಷ್ಟ ಕನ್ನಡಕ್ಕೆ "ಸುಧಾರಿಸಿ" ಕೊಟ್ಟ ಹೇಳಿಕೆಯನ್ನು ಸೇರಿಸಬೇಡಿ, ಹೇಳಿದವರು ಹೇಳಿದಂತೆಯೇ ಇರಲಿ.

ಒಪ್ಪಿಗೆಯ ವಿಷಯದಲ್ಲಿ ಸಡಿಲಿಕೆ ಬೇಡ. ಯಾರ ಮಾತನ್ನು ಎಲ್ಲಿಗೆ ಕಳುಹಿಸುತ್ತೀರಿ, ಹೆಸರು ಇರುತ್ತದೆಯೇ ಎಂಬುದನ್ನು ಮೊದಲೇ ತಿಳಿಸಿ. 2015ರಲ್ಲಿ ಅಂತರ್ಜಾಲ ಸಮಾನತೆಯ (ಸೇವಾ ಕಂಪನಿಗಳು ಜಾಲತಾಣಗಳ ನಡುವೆ ತಾರತಮ್ಯ ಮಾಡಬಾರದೆಂಬ ತತ್ವದ) ಕುರಿತು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರಕ್ಕೆ 10 ಲಕ್ಷಕ್ಕೂ ಹೆಚ್ಚು ಇಮೇಲ್‌ಗಳು ಹೋದವು. ಪ್ರಾಧಿಕಾರ ಅವನ್ನು ಕಳುಹಿಸಿದವರ ಇಮೇಲ್ ವಿಳಾಸಗಳ ಸಮೇತ ಪ್ರಕಟಿಸಿಬಿಟ್ಟಿತು. ನೀವು ಸಲ್ಲಿಸಿದ್ದು ನಾಳೆ ಯಾರ ಕಣ್ಣಿಗೆ ಬೇಕಾದರೂ ಬೀಳಬಹುದು ಎಂದುಕೊಂಡೇ ಸಿದ್ಧಪಡಿಸಿ. ಆಧಾರ್ ಸಂಖ್ಯೆ, ಮೊಬೈಲ್ ಸಂಖ್ಯೆ, ಜಾತಿ ಪ್ರಮಾಣಪತ್ರ, ರೋಗದ ವಿವರಗಳನ್ನು ಉಚಿತ ಚಾಟ್‌ಬಾಟ್‌ಗೆ ಹಾಕಲೇಬಾರದು. ಎಐಗೆ ಕೊಡುವ ಮೊದಲು ಹೆಸರುಗಳನ್ನು ಅಳಿಸಿ "ಹೇಳಿಕೆ 1", "ಹೇಳಿಕೆ 2" ಎಂದು ಸಂಖ್ಯೆ ಹಾಕಿ, ಹೆಸರಿನ ಪಟ್ಟಿಯನ್ನು ಕಾಗದದ ಮೇಲೆ ಪ್ರತ್ಯೇಕವಾಗಿಡಿ.

ವಿಂಗಡಣೆ ಕೊನೆಗೆ. ನೂರು ಹೇಳಿಕೆಗಳನ್ನು ವಿಷಯವಾರು ಗುಂಪು ಮಾಡುವುದು ಯಂತ್ರಕ್ಕೆ ಸುಲಭ, ಆದರೆ ಅದು ಹೆಚ್ಚು ಸಲ ಬಂದದ್ದನ್ನು ಮೇಲೆ ತಂದು, ಒಬ್ಬರೇ ಹೇಳಿದ್ದನ್ನು "ಇತರೆ" ಎಂಬ ಗುಂಪಿಗೆ ತಳ್ಳುತ್ತದೆ. ಆ "ಇತರೆ"ಯನ್ನು ನೀವೇ ಓದಿ. ಗಾಲಿ ಕುರ್ಚಿಯಲ್ಲಿರುವ ಒಬ್ಬರು, ಬೆರಳಚ್ಚು ಹೊಂದದ ಒಬ್ಬ ಕೂಲಿಕಾರರು, ಗಂಡನ ಹೆಸರಿನಲ್ಲಿ ಜಮೀನಿರುವ ಒಬ್ಬ ವಿಧವೆ ಹೇಳುವ ಮಾತು ನೂರರಲ್ಲಿ ಒಂದೇ ಆಗಿರುತ್ತದೆ. ಕರಡಿನ ನಿಜವಾದ ದೋಷ ಬಹಳ ಸಲ ಅಲ್ಲೇ ಸಿಗುತ್ತದೆ.

ಹಂತ 5: ಆಕ್ಷೇಪಣೆಯನ್ನು ನೀವು ಬರೆಯಿರಿ, ಪರೀಕ್ಷೆಗೆ ಯಂತ್ರವನ್ನು ಕೂರಿಸಿ

ಪ್ರತಿ ಅಂಶಕ್ಕೂ ಐದು ಭಾಗಗಳಿರಲಿ: ನಿಯಮದ ಸಂಖ್ಯೆ, ಕರಡಿನಲ್ಲಿರುವ ಪದಗಳು, ಅದರಿಂದಾಗುವ ತೊಂದರೆ, ಅದಕ್ಕೆ ನಿಮ್ಮ ಆಧಾರ, ನೀವು ಕೋರುವ ಬದಲಿ ಪದಗಳು. ಕೊನೆಯದೇ ಮುಖ್ಯ. "ಗ್ರಾಮೀಣರಿಗೆ ಅನುಕೂಲ ಮಾಡಿಕೊಡಬೇಕು" ಎಂದರೆ ಕರಡು ತಿದ್ದುವ ಅಧಿಕಾರಿಗೆ ಮಾಡಲು ಏನೂ ಇರುವುದಿಲ್ಲ. ಉದಾಹರಣೆಗೆ, ಕರಡಿನಲ್ಲಿ "ಅರ್ಜಿಯನ್ನು ಆನ್‌ಲೈನ್ ಮೂಲಕ ಮಾತ್ರ ಸಲ್ಲಿಸತಕ್ಕದ್ದು" ಎಂದಿದ್ದರೆ, ನಿಮ್ಮ ಬದಲಿ ಪದಗಳು ಹೀಗಿರಬಹುದು: "ಅರ್ಜಿಯನ್ನು ಆನ್‌ಲೈನ್ ಮೂಲಕ ಅಥವಾ ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ಲಿಖಿತವಾಗಿ ಸಲ್ಲಿಸತಕ್ಕದ್ದು ಮತ್ತು ಅರ್ಜಿಯನ್ನು ಸ್ವೀಕರಿಸಿದ ಅಧಿಕಾರಿಯು ಅದೇ ದಿನ ಸ್ವೀಕೃತಿ ನೀಡತಕ್ಕದ್ದು." ಇದನ್ನು ಹಾಗೆಯೇ ಎತ್ತಿ ಅಂತಿಮ ನಿಯಮದಲ್ಲಿ ಸೇರಿಸಬಹುದು.

ಮೊದಲ ಕರಡನ್ನು ಕೈಯಲ್ಲೇ ಬರೆಯಿರಿ, ಭಾಷೆ ಒರಟಾಗಿದ್ದರೂ ಅಡ್ಡಿಯಿಲ್ಲ. ಆಮೇಲೆ ಎಐಗೆ ಈ ಸೂಚನೆ ಕೊಡಿ: "ನೀನು ಈ ಇಲಾಖೆಯ ಅಧಿಕಾರಿ. ಈ ಆಕ್ಷೇಪಣೆಯ ಪ್ರತಿ ಅಂಶವನ್ನು ತಳ್ಳಿಹಾಕಲು ನಿನ್ನ ಬಳಿಯಿರುವ ಅತ್ಯಂತ ಬಲವಾದ ಕಾರಣ ಕೊಡು. ಯಾವ ಅಂಶಕ್ಕೆ ಆಧಾರ ಸಾಲದು ಎಂದೂ ಹೇಳು." ಬಂದ ಉತ್ತರ ನಿಮಗೆ ಬೇಸರ ತರಬಹುದು, ಆದರೆ ಇಲಾಖೆಯ ಕಡತದಲ್ಲಿ ಬರಬಹುದಾದ ಟಿಪ್ಪಣಿಗಳನ್ನು ಮೊದಲೇ ಕಂಡುಕೊಳ್ಳಲು ಇದಕ್ಕಿಂತ ಸುಲಭದ ದಾರಿ ಸಣ್ಣ ಸಂಘಗಳಿಗೆ ಈ ಹಿಂದೆ ಇರಲಿಲ್ಲ. ದೊಡ್ಡ ಉದ್ಯಮಗಳು ಇದೇ ಕೆಲಸಕ್ಕೆ ಸಲಹೆಗಾರರನ್ನು ನೇಮಿಸಿಕೊಳ್ಳುತ್ತಿದ್ದವು. ಎಐ ಈ ಕ್ಷೇತ್ರದಲ್ಲಿ ತಂದ ಬದಲಾವಣೆಗಳಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಂಡದ್ದು ಇದು.

ಉತ್ತರಿಸಲಾಗದ ಅಂಶಗಳನ್ನು ತೆಗೆದುಹಾಕಿ. ಗಟ್ಟಿಯಾದ ಆರು ಅಂಶಗಳ ನಡುವೆ ಸಡಿಲವಾದ ಹತ್ತನ್ನು ಸೇರಿಸಿದರೆ ಇಲಾಖೆ ಆ ಹತ್ತಕ್ಕೆ ಉತ್ತರ ಬರೆದು ಕಡತ ಮುಗಿಸುತ್ತದೆ.

ಹಂತ 6: ಪ್ರತಿ ಉಲ್ಲೇಖವನ್ನೂ ಮೂಲದಲ್ಲಿ ನೋಡಿ

2023ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯದಲ್ಲಿ ಚಾಟ್‌ಜಿಪಿಟಿ ಸೃಷ್ಟಿಸಿದ, ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ 5000 ಡಾಲರ್ ದಂಡ ಬಿತ್ತು. ವೃತ್ತಿಪರರಿಗೇ ಹೀಗಾದ ಮೇಲೆ ಸಂಘದ ಕಾರ್ಯದರ್ಶಿ ರಾತ್ರಿ ಕುಳಿತು ಸಿದ್ಧಪಡಿಸಿದ ಪತ್ರದಲ್ಲಿ ಹಾಗಾಗದೆ ಇರಬೇಕಾದರೆ ಒಂದು ಕ್ರಮ ಬೇಕು. ಪತ್ರದಲ್ಲಿರುವ ಕಾಯ್ದೆಯ ಪ್ರತಿ ಪ್ರಕರಣ ಸಂಖ್ಯೆ, ತೀರ್ಪು, ದಿನಾಂಕ, ಅಂಕಿಯನ್ನು ಎಕ್ಸೆಲ್ ಹಾಳೆಯಲ್ಲಿ ಒಂದೊಂದು ಸಾಲಾಗಿ ಬರೆಯಿರಿ. ಎದುರಿಗೆ ಮೂಲದ ಪುಟ ಸಂಖ್ಯೆ, ಅದನ್ನು ಕಣ್ಣಾರೆ ನೋಡಿದವರ ಹೆಸರು. ಆ ಎರಡು ಕಾಲಂಗಳಲ್ಲಿ ಯಾವುದು ಖಾಲಿಯಿದ್ದರೂ ಆ ಉಲ್ಲೇಖ ಪತ್ರದಲ್ಲಿರಬಾರದು. ಸುಪ್ರೀಂ ಕೋರ್ಟ್ ತೀರ್ಪುಗಳನ್ನು ಇ-ಎಸ್‌ಸಿಆರ್ ತಾಣದಲ್ಲಿ ಉಚಿತವಾಗಿ ಹುಡುಕಬಹುದು. "ಇದು ನಿಜವೇ?" ಎಂದು ಅದೇ ಚಾಟ್‌ಬಾಟ್‌ಗೆ ಕೇಳುವುದು ತಪಾಸಣೆಯಲ್ಲ, ಅದು ಹೌದೆಂದೇ ಹೇಳಬಹುದು.

ಎಚ್ಚರಿಕೆಯ ಚಿಹ್ನೆಗಳಿವೆ. ನಿಮ್ಮ ವಾದಕ್ಕೆ ಅಚ್ಚು ಹೊಯ್ದಂತೆ ಹೊಂದುವ ತೀರ್ಪು ತಟ್ಟನೆ ಸಿಕ್ಕರೆ ಮೊದಲು ಅನುಮಾನಿಸಿ. "ಅಧ್ಯಯನಗಳ ಪ್ರಕಾರ" ಎಂದಿದ್ದು ಯಾವ ಅಧ್ಯಯನವೆಂದು ಇಲ್ಲದಿದ್ದರೆ ವಾಕ್ಯವನ್ನೇ ಅಳಿಸಿ. ಬೇರೆ ರಾಜ್ಯದ ಇಲಾಖೆಯ ಹೆಸರು, ಕರ್ನಾಟಕದಲ್ಲಿಲ್ಲದ ಹುದ್ದೆ, ರದ್ದಾದ ಕಾಯ್ದೆ ಕಾಣಿಸಿಕೊಂಡರೆ ಆ ಇಡೀ ಪ್ಯಾರಾ ಬೇರೆಲ್ಲಿಂದಲೋ ಬಂದದ್ದು. ಎರಡನೆಯ ಎಐ ಸೇವೆಗೆ ಅದೇ ಪ್ರಶ್ನೆ ಹಾಕಿದಾಗ ಬೇರೆ ಪ್ರಕರಣ ಸಂಖ್ಯೆ ಬಂದರೆ ಎರಡನ್ನೂ ನಂಬಬೇಡಿ, ಕಾಯ್ದೆಯನ್ನು ತೆರೆಯಿರಿ. ಚಿತ್ರಗಳ ವಿಷಯದಲ್ಲೂ ಅಷ್ಟೇ ಕಟ್ಟುನಿಟ್ಟು ಬೇಕು. ಕೆರೆಯ ನೊರೆಯನ್ನೋ ಕುಸಿದ ರಸ್ತೆಯನ್ನೋ ತೋರಿಸಲು ಎಐ ಚಿತ್ರ ಬಳಸಿದ್ದು ಬಯಲಾದರೆ ನಿಮ್ಮ ನಿಜವಾದ ಫೋಟೋಗಳನ್ನೂ ಯಾರೂ ನಂಬುವುದಿಲ್ಲ.

ಹಂತ 7: ಹೆಚ್ಚು ಪತ್ರಗಳು ಬೇಕಾದಾಗ

ಒಂದು ಪತ್ರವನ್ನು ಎಐ ಮೂಲಕ ಸಾವಿರ ಬಗೆಯಲ್ಲಿ ತಿರುಗಿಸಿ ಬರೆಸಿ ಸಾವಿರ ಹೆಸರುಗಳಲ್ಲಿ ಕಳುಹಿಸುವ ಸಲಹೆ ಈಗ ಎಲ್ಲ ಕಡೆ ಕೇಳಿಬರುತ್ತಿದೆ. ದಯವಿಟ್ಟು ಮಾಡಬೇಡಿ. ಅಮೆರಿಕದ ಸಂವಹನ ಆಯೋಗ 2017ರಲ್ಲಿ ಅಂತರ್ಜಾಲ ಸಮಾನತೆಯ ನಿಯಮಗಳ ಬಗ್ಗೆ ಅಭಿಪ್ರಾಯ ಕರೆದಾಗ 2.2 ಕೋಟಿಗೂ ಹೆಚ್ಚು ಪ್ರತಿಕ್ರಿಯೆಗಳು ಬಂದವು. ಅವುಗಳಲ್ಲಿ ಸುಮಾರು 1.8 ಕೋಟಿ ನಕಲಿ ಎಂದು ನ್ಯೂಯಾರ್ಕ್‌ನ ಅಟಾರ್ನಿ ಜನರಲ್ ಕಚೇರಿ 2021ರ ವರದಿಯಲ್ಲಿ ಹೇಳಿತು. 77 ಲಕ್ಷ ಪ್ರತಿಕ್ರಿಯೆಗಳನ್ನು 19 ವರ್ಷದ ಒಬ್ಬನೇ ವಿದ್ಯಾರ್ಥಿ ತಂತ್ರಾಂಶದಿಂದ ಕಳುಹಿಸಿದ್ದ, 85 ಲಕ್ಷದಷ್ಟರ ಹಿಂದೆ ಉದ್ಯಮದ ಹಣವಿತ್ತು. ನಿಯಮದ ಪರವಾಗಿ ನಿಂತವರೂ ವಿರೋಧಿಸಿದವರೂ ಒಟ್ಟಿಗೆ ಕಳೆದುಕೊಂಡದ್ದು ನಿಜವಾಗಿ ಬರೆದವರ ಬೆಲೆಯನ್ನು. ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಹೆಸರಿನಲ್ಲಿ ಸರ್ಕಾರಕ್ಕೆ ಪತ್ರ ಕಳುಹಿಸುವುದು ಯಾವ ಉದ್ದೇಶಕ್ಕಾದರೂ ವಂಚನೆಯೇ.

ಸಂಖ್ಯೆ ಬೇಕೇ ಬೇಕಾದರೆ ಹೀಗೆ ಮಾಡಿ. ಸಂಘದ ಮುಖ್ಯ ಆಕ್ಷೇಪಣೆ ಒಂದೇ ಇರಲಿ. ಸದಸ್ಯರು ಕಳುಹಿಸುವ ಪತ್ರದಲ್ಲಿ "ಸಂಘದ ಆಕ್ಷೇಪಣೆಯನ್ನು ಓದಿದ್ದೇನೆ, ಅದನ್ನು ಬೆಂಬಲಿಸುತ್ತೇನೆ" ಎಂಬ ಒಂದು ಸಾಲಿನ ಕೆಳಗೆ, ತಮ್ಮ ಅನುಭವವನ್ನು ತಾವೇ ಎರಡು ಮೂರು ವಾಕ್ಯಗಳಲ್ಲಿ ಬರೆಯಲಿ. ಬರೆಯಲು ಬಾರದವರು ಹೇಳಲಿ, ಇನ್ನೊಬ್ಬರು ಬರೆದು ಓದಿ ಹೇಳಿ ಹೆಬ್ಬೆಟ್ಟು ಪಡೆಯಲಿ. ಇಂಥ 40 ಪತ್ರಗಳಲ್ಲಿ 40 ಬೇರೆ ಬೇರೆ ವಿಷಯಗಳಿರುತ್ತವೆ, ಮನುಷ್ಯರು ಓದಿದರೂ ಯಂತ್ರ ಓದಿದರೂ ಅವನ್ನು ಒಂದು ಸಾಲಿಗೆ ಇಳಿಸಲಾಗದು.

ಹಂತ 8: ಸಲ್ಲಿಕೆ ಮತ್ತು ಸ್ವೀಕೃತಿ

ಅಧಿಸೂಚನೆಯಲ್ಲಿ ಹೇಳಿದ ವಿಳಾಸಕ್ಕೇ, ಹೇಳಿದ ಬಗೆಯಲ್ಲೇ ಸಲ್ಲಿಸಿ. ಇಮೇಲ್ ಸಾಕೆಂದಿದ್ದರೂ ಒಂದು ಪ್ರತಿಯನ್ನು ಇಲಾಖೆಯ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಗಡುವಿಗೆ ಮೂರು ದಿನ ಮೊದಲೇ ಮುಗಿಸಿ. ಸಲ್ಲಿಸಿದ್ದನ್ನು ಇಲಾಖೆ ಪ್ರಕಟಿಸುತ್ತದೆ ಎಂದು ನಂಬಿ ಕೂರಬೇಡಿ. 2025ರ ಜನವರಿಯಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ನಿಯಮಗಳ ಕರಡಿಗೆ ಬರುವ ಅಭಿಪ್ರಾಯಗಳನ್ನು ಬಹಿರಂಗಪಡಿಸುವುದಿಲ್ಲ ಎಂದು ಕೇಂದ್ರ ಸಚಿವಾಲಯ ಮೊದಲೇ ತಿಳಿಸಿತ್ತು.

ಪರಿಸರ ಅನುಮತಿಯ ಸಾರ್ವಜನಿಕ ಆಲಿಕೆಯಲ್ಲಿ ಮಾತಾಡುವುದಾದರೆ ಎಐ ಸಿದ್ಧಪಡಿಸಿದ ಭಾಷಣವನ್ನು ಓದಬೇಡಿ. ನಿಮ್ಮ ಐದು ಅಂಶಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. 2006ರ ಅಧಿಸೂಚನೆಯ ಪ್ರಕಾರ ಸಭೆಯ ಕೊನೆಯಲ್ಲಿ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ವಿವರಿಸಿ ಓದಿಹೇಳಬೇಕು, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅದೇ ದಿನ ಅದಕ್ಕೆ ಸಹಿ ಮಾಡಬೇಕು. ಊಟದ ಹೊತ್ತಾಯಿತೆಂದು ಎದ್ದುಹೋಗದೆ ಅದನ್ನು ಕೇಳಿಸಿಕೊಳ್ಳಿ. ನಿಮ್ಮ ಮಾತು ಬಿಟ್ಟುಹೋಗಿದ್ದರೆ ಅಲ್ಲೇ ಹೇಳಿ ಸೇರಿಸಲು ಕೇಳಿ.

ಹಂತ 9: ಅಂತಿಮ ಅಧಿಸೂಚನೆ ಬಂದ ದಿನದ ಕೆಲಸ

ಬಹುತೇಕ ಸಂಘಗಳ ಕೆಲಸ ಎಂಟನೆಯ ಹಂತಕ್ಕೇ ನಿಂತುಬಿಡುತ್ತದೆ. ಅಂತಿಮ ನಿಯಮ ಪ್ರಕಟವಾದ ದಿನ ಮೂರನೆಯ ಹಂತದ ಸೂಚನೆಯನ್ನೇ ಮತ್ತೆ ಬಳಸಿ ಕರಡು ಮತ್ತು ಅಂತಿಮ ಪಠ್ಯವನ್ನು ಹೋಲಿಸಿ. ಆ ಕೋಷ್ಟಕಕ್ಕೆ ಇನ್ನೊಂದು ಕಾಲಂ ಸೇರಿಸಿ, ಅದರಲ್ಲಿ ನೀವು ಕೋರಿದ ಬದಲಿ ಪದಗಳನ್ನು ಇಡಿ. ಯಾವುದು ಪೂರ್ತಿ ಸೇರಿತು, ಯಾವುದು ಅರ್ಧ, ಯಾವುದು ಇಲ್ಲ ಎಂಬುದು ಅರ್ಧ ಗಂಟೆಯಲ್ಲಿ ಕಾಣುತ್ತದೆ. ಕರಡಿನಲ್ಲಿ ಇರದೆ ಅಂತಿಮದಲ್ಲಿ ಹೊಸದಾಗಿ ಬಂದ ವಾಕ್ಯಗಳನ್ನು ಬೇರೆಯಾಗಿ ಗುರುತಿಸಿ, ಏಕೆಂದರೆ ಅವುಗಳ ಬಗ್ಗೆ ಆಕ್ಷೇಪಣೆ ಹೇಳುವ ಅವಕಾಶವೇ ಜನರಿಗೆ ಸಿಕ್ಕಿರುವುದಿಲ್ಲ.

ಸೇರದ ಅಂಶಗಳಿಗೆ ಕಾರಣ ತಿಳಿಯಲು ಮಾಹಿತಿ ಹಕ್ಕು ಅರ್ಜಿ ಹಾಕಿ. 2005ರ ಕಾಯ್ದೆಯ 4ನೇ ಪ್ರಕರಣವೇ ಬಾಧಿತರಿಗೆ ಆಡಳಿತಾತ್ಮಕ ನಿರ್ಣಯಗಳ ಕಾರಣಗಳನ್ನು ಒದಗಿಸಬೇಕೆನ್ನುತ್ತದೆ. ಎಐ ಬಳಸುವವರು ಇಲ್ಲಿ ಮತ್ತೆ ಮತ್ತೆ ಸೋಲುವುದು ಒಂದೇ ಕಾರಣಕ್ಕೆ: ಕರ್ನಾಟಕದ ನಿಯಮಗಳ ಪ್ರಕಾರ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಚಾಟ್‌ಬಾಟ್ ಬರೆದುಕೊಡುವ ಅರ್ಜಿ ಸುಪ್ರೀಂ ಕೋರ್ಟ್ ತೀರ್ಪುಗಳಿಂದ ಆರಂಭವಾಗಿ 500 ಪದಗಳಿಗೆ ಹೋಗುತ್ತದೆ, ಆ ಕಾರಣಕ್ಕೇ ಹಿಂದಿರುಗುತ್ತದೆ. ಈ ಮಾದರಿ ಸಾಕು:

"ದಿನಾಂಕ ... ರ ಕರಡು ಅಧಿಸೂಚನೆ ಸಂಖ್ಯೆ ... ಕ್ಕೆ ಸಂಬಂಧಿಸಿದಂತೆ ಕೆಳಗಿನವುಗಳ ದೃಢೀಕೃತ ಪ್ರತಿಗಳನ್ನು ನೀಡಲು ಕೋರುತ್ತೇನೆ. ಒಂದು, ಸ್ವೀಕರಿಸಿದ ಆಕ್ಷೇಪಣೆ ಮತ್ತು ಸಲಹೆಗಳ ಪಟ್ಟಿ. ಎರಡು, ಅವುಗಳ ಪರಿಶೀಲನೆಗೆ ಸಂಬಂಧಿಸಿದ ಕಡತದ ಟಿಪ್ಪಣಿ ಪುಟಗಳು. ಮೂರು, ದಿನಾಂಕ ... ರಂದು ನಾವು ಸಲ್ಲಿಸಿದ ಆಕ್ಷೇಪಣೆಯ ಮೇಲೆ ದಾಖಲಿಸಿದ ಅಭಿಪ್ರಾಯ. ನಾಲ್ಕು, ಆಕ್ಷೇಪಣೆಗಳ ವಿಂಗಡಣೆಗೆ ಯಾವುದಾದರೂ ತಂತ್ರಾಂಶ ಬಳಸಿದ್ದರೆ ಅದರಿಂದ ಬಂದ ವರದಿಯ ಪ್ರತಿ."

ನಾಲ್ಕನೆಯ ಕೋರಿಕೆಯನ್ನು ಈಗಿನಿಂದಲೇ ಸೇರಿಸುವ ರೂಢಿ ಮಾಡಿಕೊಳ್ಳಿ. ನಮ್ಮ ಮಾತನ್ನು ಓದಿದವರು ಯಾರು, ಅದನ್ನು ಯಾವ ಶೀರ್ಷಿಕೆಯಡಿ ಹಾಕಿದರು, ಅಲ್ಲಿ ನಮ್ಮ ಅಂಶ ಉಳಿಯಿತೇ ಅಳಿಯಿತೇ ಎಂಬುದು ತಿಳಿಯಲು ಬೇರೆ ದಾರಿಯಿಲ್ಲ.

ಅರ್ಜಿ ಶುಲ್ಕ 10 ರೂಪಾಯಿ, ಉತ್ತರದ ಅವಧಿ 30 ದಿನ. ಉತ್ತರ ಬಾರದಿದ್ದರೆ ಅಥವಾ ಸಾಲದಿದ್ದರೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ, ಅದರ ಆದೇಶದ ನಂತರ 90 ದಿನಗಳೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ. ಈ ಮೂರು ದಿನಾಂಕಗಳನ್ನು ಅರ್ಜಿ ಹಾಕಿದ ದಿನವೇ ಸಂಘದ ನಡಾವಳಿ ಪುಸ್ತಕದಲ್ಲಿ ಬರೆದು, ಪ್ರತಿಯೊಂದರ ಎದುರು ಆ ದಿನ ಕಚೇರಿಗೆ ಹೋಗಬೇಕಾದವರ ಹೆಸರು ಬರೆಸಿ ಸಹಿ ಹಾಕಿಸಿಕೊಳ್ಳಿ.